ಒಂದೇ ತಂತಿಯಲ್ಲಿ ಮಾತೂ ಡೇಟಾವೂ



ಸಿ-ಡಾಟ್‌ನವರ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಶುರುವಾದದ್ದು ನಮ್ಮ ಕಿತ್ತೂರಿನಲ್ಲೇ. 2005ರಲ್ಲಿ ಬಿಎಸ್ಸೆನ್ನೆಲ್ ಬ್ರಾಡ್‌ಬ್ಯಾಂಡ್ ತಂದಾಗ ಫೋನಿನ ಅದೇ ಜೋಡಿ ತಾಮ್ರದ ತಂತಿಯಲ್ಲಿ ಡೇಟಾವೂ ಹರಿಯಿತು. ಹೇಗೆ ಅಂತೀರಾ? ಮಾತಿಗೆ 4 ಕಿಲೋಹರ್ಟ್ಸ್ ಒಳಗಿನ ಜಾಗ ಸಾಕು. ಡೇಟಾ ಅದಕ್ಕಿಂತ ಬಹಳ ಮೇಲಿನ ಜಾಗದಲ್ಲಿ ಸಾಗುತ್ತದೆ. ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ ಎರಡನ್ನೂ ಜರಡಿ ಹಿಡಿದ ಹಾಗೆ ಬೇರೆ ಮಾಡುತ್ತದೆ. ಕಾಫಿ ರೇಟು ನೋಡ್ತಾನೇ ಫೋನಿನಲ್ಲಿ ಮಾತಾಡಬಹುದು. ಆದರೆ ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ಡೇಟಾ ಸೊರಗುತ್ತದೆ. ಗುಡ್ಡಕ್ಕೊಂದು ತೋಟದ ಮನೆ ಇರುವ ನಮ್ಮ ಸಕಲೇಶಪುರ, ಆಲೂರು ಸೀಮೆಗೆ ಇದೇ ದೊಡ್ಡ ತೊಡಕು.

ಫೈಬರ್‌ಗೆ ದೂರದ ಕಾಟ ಅಷ್ಟಿಲ್ಲ. ಅದರಲ್ಲಿ ಮಾತೂ ಡೇಟಾ ಆಗಿಯೇ ಹೋಗುತ್ತದೆ. ಆದರೆ ಒಂದು ವಿಚಾರ ಸದಸ್ಯರು ಮರೀಬಾರದು. ತಾಮ್ರದ ಫೋನಿಗೆ 48 ವೋಲ್ಟ್ ಕರೆಂಟು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಮನೆಯ ದೀಪ ಆರಿದರೂ ಫೋನು ಹೊಡ್ಕೋತಿತ್ತು. ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ಬರೋದು ಬೆಳಕು ಮಾತ್ರ. ಆಷಾಢದ ಮಳೆಗಾಳಿಗೆ ಮರ ಬಿದ್ದು ಕರೆಂಟ್ ಹೋಯಿತೆನ್ನಿ, ಮೋಡೆಮ್ ಜೊತೆಗೆ ಫೋನೂ ಮೂಕ. ಬಾಣಂತಿ, ವಯಸ್ಸಾದವರು ಇರುವ ಮನೆಯವರು ಫೈಬರ್ ಹಾಕಿಸುವ ದಿನವೇ ಮೋಡೆಮ್‌ಗೆ ಒಂದು ಬ್ಯಾಟರಿಯನ್ನೂ ಕೂರಿಸಿಬಿಡಿ ಅಂತ ನಾವು ಕೇಳಿಕೊಳ್ಳುತ್ತೇವೆ.