ಆರೋಗ್ಯವೇ ಭಾಗ್ಯ: ರೋಗ ಬರುವ ಮುನ್ನಿನ ಎಚ್ಚರ



ಧರ್ಮಸಾಧನೆಗೆ ಶರೀರವೇ ಮೊದಲ ಉಪಕರಣವೆಂಬ ಮಾತು ಆರೋಗ್ಯವನ್ನು ಕುರಿತ ಪ್ರತಿಯೊಂದು ಸಭೆಯಲ್ಲಿಯೂ ಕೇಳಿಬರುತ್ತದೆ. ಅದನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರೆಂಬುದು ಮಾತ್ರ ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಕಾಳಿದಾಸನ ಕುಮಾರಸಂಭವದ ಐದನೆಯ ಸರ್ಗದಲ್ಲಿ ಬ್ರಹ್ಮಚಾರಿಯ ವೇಷದಲ್ಲಿ ಬಂದ ಶಿವನು ಉಗ್ರ ತಪಸ್ಸಿನಲ್ಲಿ ತೊಡಗಿದ್ದ ಪಾರ್ವತಿಯ ಕುಶಲವನ್ನು ವಿಚಾರಿಸುತ್ತಾನೆ. ತಪಸ್ಸು ಶಕ್ತಿಗೆ ತಕ್ಕಂತೆ ನಡೆಯುತ್ತಿದೆಯೇ ಎಂದು ಕೇಳುವಾಗ ಈ ಮಾತು ಬರುತ್ತದೆ. ಭೋಗದಲ್ಲಿ ಮುಳುಗಿದವರಿಗಲ್ಲ, ವ್ರತದಲ್ಲಿ ನಿಷ್ಠೆಯುಳ್ಳವರಿಗೇ ಆ ಎಚ್ಚರಿಕೆ ಸಂದದ್ದೆಂಬುದು ಗಮನಾರ್ಹ.

ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳ ದಿನಚರಿಯನ್ನು ಬಹುಮಟ್ಟಿಗೆ ರೈಲಿನ ವೇಳಾಪಟ್ಟಿಯೇ ನಿರ್ಧರಿಸುತ್ತದೆ. ಬೋರಿಬಂದರಿನಿಂದ ಥಾಣೆಗೆ 1853ರ ಏಪ್ರಿಲ್ 16ರಂದು ಮೊದಲ ರೈಲು ಓಡಿತು. ಮರುವರ್ಷವೇ ಆ ಮಾರ್ಗ ಕಲ್ಯಾಣವನ್ನು ಮುಟ್ಟಿತು. ಆ ಹಳಿಗಳ ಆಸರೆಯಿಂದಲೇ ಈ ಊರುಗಳು ಬೆಳೆದವು. ಕಲ್ಯಾಣದಿಂದ ಮುಂಬಯಿಯ ಕೊನೆಯ ನಿಲ್ದಾಣಕ್ಕೆ ಸುಮಾರು 54 ಕಿಲೋಮೀಟರು. ವೇಗದ ಲೋಕಲ್ ಸಿಕ್ಕರೂ ಒಂದು ಗಂಟೆಗೆ ಕಡಿಮೆಯಿಲ್ಲ. ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಕಚೇರಿಗೆ ತಗಲುವ ಸಮಯ ಬೇರೆ. ಐದು ಗಂಟೆಗೆ ಎದ್ದು, ಸ್ನಾನ ಸಂಧ್ಯಾವಂದನೆಗಳನ್ನು ಮುಗಿಸಿ, ಡಬ್ಬಿ ಹಿಡಿದು ಹೊರಟ ಗೃಹಸ್ಥನು ರಾತ್ರಿ ಒಂಬತ್ತಕ್ಕೆ ಮನೆ ಸೇರಿ, ಹತ್ತಕ್ಕೆ ಊಟ ಮಾಡಿ, ಹನ್ನೊಂದಕ್ಕೆ ಮಲಗುತ್ತಾನೆ. ಇನ್ನು ಹೋಟೆಲು ಉದ್ಯಮದಲ್ಲಿರುವವರ ಪಾಡು ಕೇಳುವುದೇ ಬೇಡ. ಗಿರಾಕಿಗಳ ಊಟವಾದ ಮೇಲೆ ಅವರ ಊಟ. ಇಡೀ ದಿನ ನಿಂತೇ ಕೆಲಸ. ಊರಿಗೆಲ್ಲ ಹೊತ್ತಿಗೆ ಸರಿಯಾಗಿ ಬಡಿಸುವವರಿಗೆ ಹೊತ್ತಿಗೆ ಸರಿಯಾದ ಅನ್ನವಿಲ್ಲ. ಪುರೋಹಿತರೂ ಅಡುಗೆಯವರೂ ಇದಕ್ಕೆ ಹೊರತಲ್ಲ. ಮಧ್ಯಾಹ್ನ ಮೂರು ಗಂಟೆಯವರೆಗೆ ಬರಿಹೊಟ್ಟೆ, ಆನಂತರ ಪಾಯಸ, ಹಯಗ್ರೀವ, ಹೋಳಿಗೆಗಳ ಭೂರಿಭೋಜನ. ಗೃಹಸ್ಥರಿಗೆ ವರ್ಷಕ್ಕೆ ನಾಲ್ಕಾರು ಬಾರಿ ಬರುವ ಹಬ್ಬದೂಟ ಅವರಿಗೆ ವಾರಕ್ಕೆ ನಾಲ್ಕಾರು ಬಾರಿ ಬರುತ್ತದೆ.

ಇಂತಹ ಜೀವನಕ್ರಮದಲ್ಲಿ ಮಧುಮೇಹವೂ ರಕ್ತದೊತ್ತಡವೂ ಸದ್ದಿಲ್ಲದೆ ಒಳಹೊಗುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ 10.1 ಕೋಟಿ ಮಧುಮೇಹಿಗಳೂ, ಅದರ ಹೊಸ್ತಿಲಲ್ಲಿರುವ 13.6 ಕೋಟಿ ಜನರೂ ಇರುವರೆಂದು ಅಂದಾಜು ಮಾಡಿತು. ಮೊದಲ ಸಂಖ್ಯೆ ಭಯ ಹುಟ್ಟಿಸುತ್ತದೆ. ಆದರೆ ಎರಡನೆಯದೇ ಹೆಚ್ಚು ಮುಖ್ಯವಾದುದು. ಹೊಸ್ತಿಲಲ್ಲಿರುವವನನ್ನು ಇನ್ನೂ ಹಿಂದಕ್ಕೆ ಕರೆಯಬಹುದು.

ಹಾಗೆ ಕರೆಯಬಹುದೆಂಬುದು ಬರಿಯ ಸಮಾಧಾನದ ಮಾತಲ್ಲ. ಚೀನಾದ ದಾಚಿಂಗ್ ನಗರದಲ್ಲಿ 1986ರಲ್ಲಿ ಆರಂಭವಾದ ಅಧ್ಯಯನದಲ್ಲಿ ಇಂತಹವರಿಗೆ ಆರು ವರ್ಷಗಳ ಕಾಲ ಆಹಾರ, ವ್ಯಾಯಾಮಗಳ ಮಾರ್ಗದರ್ಶನ ನೀಡಲಾಯಿತು. ಮೂವತ್ತು ವರ್ಷಗಳ ಬಳಿಕ ನೋಡಿದಾಗ ಅವರಿಗೆ ಮಧುಮೇಹ ಬರುವುದು ಸರಾಸರಿ ನಾಲ್ಕು ವರ್ಷದಷ್ಟು ಮುಂದೆ ಹೋಗಿತ್ತು; ಹೃದ್ರೋಗ, ಪಾರ್ಶ್ವವಾಯುಗಳೂ ಕಡಿಮೆಯಾಗಿದ್ದವು. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು 531 ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವು ನಮ್ಮ ದೇಶದವರದೇ ಆದ ಸಾಕ್ಷ್ಯ. ಸಾಮಾನ್ಯ ಸಲಹೆಯಷ್ಟೇ ದೊರೆತವರಲ್ಲಿ ಮೂರು ವರ್ಷಗಳೊಳಗೆ ನೂರಕ್ಕೆ 55 ಮಂದಿ ಮಧುಮೇಹಿಗಳಾದರೆ, ನಡಿಗೆ ಮತ್ತು ಮಿತಾಹಾರವನ್ನು ಪಾಲಿಸಿದವರಲ್ಲಿ 39 ಮಂದಿ ಮಾತ್ರ. ನೂರರಲ್ಲಿ ಹದಿನಾರು ಮನೆಗಳು ಉಳಿದವೆಂದರೆ ಅದು ಸಣ್ಣ ಫಲವಲ್ಲ.

'ಮೈ ಸಪೂರವಾಗಿದೆ, ಆದ್ದರಿಂದ ಚಿಂತೆಯಿಲ್ಲ' ಎಂಬ ನಂಬಿಕೆ ಅನೇಕರಲ್ಲಿದೆ. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಅವರೂ ಲಂಡನ್ನಿನ ಡಾ. ಜಾನ್ ಯುಡ್ಕಿನ್ ಅವರೂ 2004ರಲ್ಲಿ ಅಕ್ಕಪಕ್ಕ ನಿಂತು ತೆಗೆಸಿಕೊಂಡ ಒಂದು ಭಾವಚಿತ್ರವನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಿಗೂ ಒಂದೇ, 22.3. ಆದರೆ ಶರೀರದಲ್ಲಿನ ಕೊಬ್ಬು ಆಂಗ್ಲ ವೈದ್ಯರಲ್ಲಿ ಶೇಕಡಾ 9.1, ಪುಣೆಯ ವೈದ್ಯರಲ್ಲಿ ಶೇಕಡಾ 21.2. ಭಾರತೀಯರ ಕೊಬ್ಬು ತೋಳುತೊಡೆಗಳಲ್ಲಿ ಕಾಣದೆ ಹೊಟ್ಟೆಯಲ್ಲಿ ಅಡಗಿ ಕೂರುತ್ತದೆ. ಆದಕಾರಣ ತಕ್ಕಡಿಗಿಂತ ದರ್ಜಿಯ ಅಳತೆಪಟ್ಟಿಯೇ ಹೆಚ್ಚು ಸತ್ಯ ಹೇಳೀತು. ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರನ್ನು ದಾಟಿದರೆ ರಕ್ತಪರೀಕ್ಷೆಗೆ ಹೊರಡುವುದು ಕ್ಷೇಮ. ಬರಿಹೊಟ್ಟೆಯ ಸಕ್ಕರೆಯ ಅಂಶ 100ರಿಂದ 125ರ ನಡುವೆ ಇದ್ದರೆ ಅದನ್ನು 'ಸ್ವಲ್ಪ ಜಾಸ್ತಿ, ಅಷ್ಟೆ' ಎಂದು ಮಡಿಚಿಡುವುದು ಸಲ್ಲದು. ಹೊಸ್ತಿಲೆಂದರೆ ಅದೇ.

ಇಲ್ಲಿ ಸಸ್ಯಾಹಾರಿ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ವಿಷಯವನ್ನು ವಿಸ್ತಾರವಾಗಿ ಹೇಳಬೇಕಾಗಿದೆ. ಬಿ-12 ಎಂಬ ಜೀವಸತ್ತ್ವವು ಕಾಯಿಪಲ್ಲೆ, ಬೇಳೆಕಾಳು, ಧಾನ್ಯಗಳಲ್ಲಿ ದೊರೆಯುವುದಿಲ್ಲ. ಸಸ್ಯಾಹಾರಿಗೆ ಅದು ಸಹಜವಾಗಿ ಬರುವುದು ಹಾಲು, ಮೊಸರುಗಳಿಂದ ಮಾತ್ರ. ಪುಣೆಯ ನಗರ, ಕೊಳೆಗೇರಿ ಮತ್ತು ಹಳ್ಳಿಗಳ 441 ಪುರುಷರನ್ನು ಪರೀಕ್ಷಿಸಿ ಡಾ. ಯಾಜ್ಞಿಕ್ ಅವರ ತಂಡವು 2006ರಲ್ಲಿ ಪ್ರಕಟಿಸಿದ ವರದಿಯಂತೆ ನೂರಕ್ಕೆ 67 ಮಂದಿಯಲ್ಲಿ ಬಿ-12 ಕಡಿಮೆಯಿತ್ತು. ನಗರದ ಮಧ್ಯಮವರ್ಗದವರಲ್ಲಿಯಂತೂ ನೂರಕ್ಕೆ 81 ಮಂದಿಯಲ್ಲಿ. ಬಡವರಿಗಿಂತ ಉಳ್ಳವರಲ್ಲಿ ಕೊರತೆ ಹೆಚ್ಚೆಂಬುದು ವಿಚಿತ್ರವಾದರೂ ನಿಜ.

ಈ ಕೊರತೆ ಬೇಗನೆ ಹೊರಗೆ ಕಾಣುವುದಿಲ್ಲ. ಯಕೃತ್ತಿನಲ್ಲಿರುವ ಸಂಗ್ರಹ ಕೆಲವು ವರ್ಷಗಳಿಗೆ ಸಾಕಾಗುವಷ್ಟಿರುತ್ತದೆ. ಅದು ತೀರಿದ ಮೇಲೆ ಅಂಗಾಲಿನಲ್ಲಿ ಜುಮುಗುಟ್ಟುವಿಕೆ, ನಾಲಿಗೆ ಉರಿ, ಆಯಾಸ, ಮರೆವು ಆರಂಭವಾಗುತ್ತವೆ. ಮನೆಯವರು 'ವಯಸ್ಸಾಯಿತು' ಎನ್ನುತ್ತಾರೆ. ಮಧುಮೇಹಿಯಾಗಿದ್ದರೆ 'ಸಕ್ಕರೆಯಿಂದ ನರ ದುರ್ಬಲವಾಗಿದೆ' ಎನ್ನುತ್ತಾರೆ. ಮಧುಮೇಹಕ್ಕೆ ಸಾಮಾನ್ಯವಾಗಿ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯೂ ದೀರ್ಘಕಾಲದಲ್ಲಿ ಬಿ-12 ಹೀರಿಕೆಯನ್ನು ಕುಗ್ಗಿಸುತ್ತದೆ. ಸಸ್ಯಾಹಾರವೂ ಮೆಟ್‌ಫಾರ್ಮಿನ್ನೂ ಕೂಡಿದಲ್ಲಿ ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆ ಮಾಡಿಸುವುದು ಯುಕ್ತ. ಕೊರತೆ ತಿಳಿದರೆ ಮಾತ್ರೆ ಅಥವಾ ಚುಚ್ಚುಮದ್ದಿನಿಂದ ತುಂಬಿಕೊಡಬಹುದು. ತಡವಾದರೆ ನರಗಳಿಗಾದ ಹಾನಿ ಪೂರ್ತಿಯಾಗಿ ಮರಳದೆಯೂ ಹೋಗಬಹುದು. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಎರಡು ಮೈಕ್ರೋಗ್ರಾಂಗಿಂತ ತುಸು ಹೆಚ್ಚು. ಅರ್ಧ ಲೀಟರು ಹಾಲಿನಿಂದ ಅದರ ಬಹುಪಾಲು ದೊರೆಯುತ್ತದೆ. ಚಹಾದ ಬಣ್ಣ ತಿಳಿಯಾಗುವಷ್ಟು ಹಾಲು ಇದಕ್ಕೆ ಸಾಲದು. ಚಾತುರ್ಮಾಸ್ಯದಲ್ಲಿ ದಧಿವ್ರತದ ಮಾಸದಲ್ಲಿ ಮೊಸರು ಬಿಟ್ಟವರಿಗೆ ಹಾಲಿದೆ, ಕ್ಷೀರವ್ರತದಲ್ಲಿ ಹಾಲು ಬಿಟ್ಟವರಿಗೆ ಮೊಸರಿದೆ. ಎರಡನ್ನೂ ಒಟ್ಟಿಗೆ ಬಿಡುವ ಕ್ರಮವನ್ನು ಹಿರಿಯರು ಇಡಲಿಲ್ಲ. ಆ ಅವಕಾಶವನ್ನು ತಪ್ಪದೆ ಬಳಸಿಕೊಳ್ಳಬೇಕು.

ಉಪವಾಸದ ವಿಚಾರವೂ ಹೀಗೆಯೇ. ಏಕಾದಶಿಯ ಉಪವಾಸ ಆರೋಗ್ಯವಂತನಿಗೆ ಹಿತ. ಆದರೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವನು ಎಂದಿನಂತೆ ಔಷಧ ಸೇವಿಸಿ ಉಪವಾಸವಿದ್ದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಕಣ್ಣುಕತ್ತಲೆ ಬರಬಹುದು, ಪ್ರಜ್ಞೆಯೂ ತಪ್ಪಬಹುದು. ಲೋಕಲಿನ ಬಾಗಿಲಲ್ಲಿ ನಿಂತು ಪ್ರಯಾಣಿಸುವಾಗ ಹಾಗಾದರೆ ಗತಿಯೇನು? ಔಷಧವನ್ನು ತಾನಾಗಿಯೇ ಬಿಟ್ಟುಬಿಡುವುದೂ ಅಷ್ಟೇ ಅಪಾಯಕರ. ಏಕಾದಶಿಗೆ ಮೊದಲೇ ವೈದ್ಯರನ್ನು ಕಂಡು, ಆ ದಿನದ ಔಷಧದ ಪ್ರಮಾಣವನ್ನು ಕೇಳಿಕೊಳ್ಳುವುದು ಸರಿಯಾದ ಮಾರ್ಗ. ಶಕ್ತಿಯಿಲ್ಲದವರಿಗೆ ಶಾಸ್ತ್ರವೇ ದಾರಿ ತೋರಿಸಿದೆ: ವ್ರತಭಂಗವನ್ನುಂಟುಮಾಡದ ಎಂಟರಲ್ಲಿ ನೀರು, ಹಣ್ಣು, ಹಾಲುಗಳೊಡನೆ ಗುರುವಚನವನ್ನೂ ಔಷಧವನ್ನೂ ಎಣಿಸಿದೆ. ದ್ವಾದಶಿಯ ಪಾರಣೆಯಲ್ಲಿ ಹಿಂದಿನ ದಿನದ ಬಾಕಿಯನ್ನೆಲ್ಲ ತೀರಿಸುವಂತೆ ಉಣ್ಣುವ ವಾಡಿಕೆಯಂತೂ ಉಪವಾಸದ ಗುಣವನ್ನೇ ಕೆಡಿಸುತ್ತದೆ.

ರಕ್ತದೊತ್ತಡಕ್ಕೆ ಉಪ್ಪು ಮುಖ್ಯ ಕಾರಣಗಳಲ್ಲೊಂದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಗೊಜ್ಜುಗಳಿರುವ ಎಲೆಯಲ್ಲಿ ಅನ್ನ ಕಲಸುವ ಮೊದಲೇ ಆ ಚಮಚೆ ಖರ್ಚಾಗಿರುತ್ತದೆ. ಎಲೆಯ ತುದಿಗೆ ಉಪ್ಪು ಬಡಿಸುವುದು ಸಂಪ್ರದಾಯ. ಬಡಿಸಿದ್ದನ್ನೆಲ್ಲ ತಿನ್ನಬೇಕೆಂಬ ಕಟ್ಟಳೆ ಇಲ್ಲ.

ನಡಿಗೆಗೆ ಸ್ಥಳವಿಲ್ಲವೆಂಬ ದೂರು ಈ ಊರುಗಳಲ್ಲಿ ಪೂರ್ತಿ ಸಲ್ಲದು. ಥಾಣೆಯಲ್ಲಿ ಮಾಸುಂದಾ ಕೆರೆಯ ಸುತ್ತಿನ ತಲಾವ್ ಪಾಳಿ ಮತ್ತು ಉಪವನ, ಕಲ್ಯಾಣದಲ್ಲಿ ಕಾಳಾ ತಲಾವ್, ಡೊಂಬಿವಲಿಯಲ್ಲಿ ಭಾಗಶಾಳಾ ಮೈದಾನ, ನೆರೂಳಿನಲ್ಲಿ ಜ್ಯುವೆಲ್ ಆಫ್ ನವಿಮುಂಬಯಿ ಇವೆ. ಇಲ್ಲದಿರುವುದು ಸಮಯ. ನಿಲ್ದಾಣಕ್ಕೆ ರಿಕ್ಷಾ ಹಿಡಿಯುವ ದಾರಿಯನ್ನು ನಡೆದು ಕ್ರಮಿಸಿದರೂ ದಿನದ ಅರ್ಧ ಗಂಟೆ ಅಲ್ಲಿಯೇ ಒದಗಬಹುದು. ಡೊಂಬಿವಲಿ, ತಳೋಜಾಗಳ ಕೈಗಾರಿಕಾ ಪ್ರದೇಶದ ಸಮೀಪದಲ್ಲಿರುವವರು ಗಾಳಿಯಲ್ಲಿ ಘಾಟು ಕವಿದ ದಿನ ಮನೆಯೊಳಗೇ ಆಸನ, ಪ್ರಾಣಾಯಾಮಗಳನ್ನು ಮಾಡುವುದು ಲೇಸು. ಆಯುರ್ವೇದವು ದೇಹವನ್ನು ಹೊರುವ ಮೂರು ಆಧಾರಗಳಲ್ಲಿ ಆಹಾರದೊಡನೆ ನಿದ್ರೆಯನ್ನೂ ಎಣಿಸಿದೆ. ಸುಶ್ರುತನು ಸ್ವಸ್ಥನ ಲಕ್ಷಣವನ್ನು ಹೇಳುವಾಗ ದೋಷ, ಅಗ್ನಿ, ಧಾತುಗಳ ಸಮತೆಯಷ್ಟಕ್ಕೇ ನಿಲ್ಲದೆ ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸಿದನು. ಆರು ಗಂಟೆಯ ನಿದ್ರೆಗೂ ಕೊರತೆಯಿರುವಲ್ಲಿ ಆ ಪ್ರಸನ್ನತೆ ಎಲ್ಲಿಂದ ಬಂದೀತು? ರಾತ್ರಿ ದೂರದರ್ಶನದ, ಮೊಬೈಲಿನ ಮುಂದೆ ಕಳೆಯುವ ಗಂಟೆಯೊಂದನ್ನು ಹಾಸಿಗೆಗೆ ಒಪ್ಪಿಸಬೇಕಾಗಿದೆ.

ವೆಚ್ಚದ ಮಾತನ್ನೂ ಹೇಳಬೇಕು. ಎಪ್ಪತ್ತು ವಯಸ್ಸು ತುಂಬಿದವರಿಗೆ ಆದಾಯದ ಮಿತಿಯಿಲ್ಲದೆ ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯ ನೆರವನ್ನು ಆಯುಷ್ಮಾನ್ ಭಾರತ ಯೋಜನೆಯು 2024ರ ಅಕ್ಟೋಬರಿನಲ್ಲಿ ವಿಸ್ತರಿಸಿತು. ಅದು ಸ್ವಾಗತಾರ್ಹ. ಆದರೂ ಅದು ಆಸ್ಪತ್ರೆ ಸೇರಿದ ಮೇಲಿನ ಏರ್ಪಾಡು. ಆಸ್ಪತ್ರೆ ಸೇರದಂತೆ ಕಾಯುವ ಪರೀಕ್ಷೆಗೆ ಬೇಕಾಗುವ ಹಣ ಒಂದು ಸತ್ಯನಾರಾಯಣ ಪೂಜೆಯ ಪ್ರಸಾದದ ಖರ್ಚಿಗಿಂತ ಹೆಚ್ಚಲ್ಲ. ಮೂವತ್ತು ದಾಟಿದವರ ಮಧುಮೇಹ, ರಕ್ತದೊತ್ತಡಗಳ ತಪಾಸಣೆ ಸರಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲಿಯೂ ಸೇರಿದೆ.

ಪರೀಕ್ಷೆಗೆ ಹೋಗುವವರಲ್ಲಿ ಮನೆಯ ಗೃಹಿಣಿ ಎಂದಿಗೂ ಕೊನೆಯವಳು. ಪತಿಯ ಮಾತ್ರೆ, ಅತ್ತೆಯ ಕಣ್ಣಿನ ಹನಿ, ಮಕ್ಕಳ ಲಸಿಕೆಯ ದಿನ ಎಲ್ಲವೂ ಅವಳಿಗೆ ಕಂಠಪಾಠ. ತನ್ನ ರಕ್ತದೊತ್ತಡ ಎಷ್ಟೆಂದು ಕೇಳಿದರೆ ಉತ್ತರವಿಲ್ಲ. ಸ್ತನದಲ್ಲಿ ಗಂಟು ಕೈಗೆ ಸಿಕ್ಕರೂ 'ಹಬ್ಬ ಕಳೆಯಲಿ, ಮಗಳ ಪರೀಕ್ಷೆ ಮುಗಿಯಲಿ' ಎಂದು ತಿಂಗಳುಗಳನ್ನು ದೂಡುವವರಿದ್ದಾರೆ. ಆರಂಭದಲ್ಲಿಯೇ ಕಂಡರೆ ಗುಣವಾಗುವ ಸಾಧ್ಯತೆ ಬಹಳವಾಗಿರುವ ರೋಗಗಳಲ್ಲಿ ಅದೂ ಒಂದು. ಆದ್ದರಿಂದ ಮನೆಯ ಯಜಮಾನನು ವರ್ಷಕ್ಕೊಮ್ಮೆ, ನೆನಪಿಗೆ ಅನುಕೂಲವಾಗುವಂತೆ ಆಕೆಯ ಜನ್ಮನಕ್ಷತ್ರದ ವಾರದಲ್ಲಿ, ತಾನೇ ಜೊತೆಗೂಡಿ ಕರೆದುಕೊಂಡು ಹೋಗತಕ್ಕದ್ದು. ಬರಿಹೊಟ್ಟೆಯ ಪರೀಕ್ಷೆಯಾದ್ದರಿಂದ ಆ ಮುಂಜಾನೆ ಆಕೆ ಎಲ್ಲರಿಗೂ ತಿಂಡಿ ಮಾಡಿಟ್ಟೇ ಹೊರಡಬೇಕಾದ ಪರಿಸ್ಥಿತಿ ಬಾರದಂತೆ, ಒಂದು ದಿನದ ಅವಲಕ್ಕಿಯನ್ನು ಮಕ್ಕಳೇ ಕಲಸಿಕೊಳ್ಳಲಿ.