ತಪ್ಪಾಯ್ತು ಎಂದರೆ ಮುಗಿಯಿತೇ?



ಹಿಂದೊಮ್ಮೆ ಒಬ್ಬ ಹೆಣ್ಣುಮಗಳಿಗೆ, "ಗಂಡ ತಪ್ಪಾಯ್ತು ಅಂದನಲ್ಲ, ಮನೆಗೆ ಹೋಗಮ್ಮ" ಎಂದು ಬುದ್ಧಿ ಹೇಳಿದವಳು ನಾನೇ. ಮೂರೇ ತಿಂಗಳಲ್ಲಿ ಅವಳು ಕೈಗೆ ಪಟ್ಟಿ ಕಟ್ಟಿಕೊಂಡು ಬಂದಳು. ಅಂದಿನಿಂದ ಮೂರು ಪ್ರಶ್ನೆ ಕೇಳುತ್ತೇನೆ. ಮಾಡಿದ ತಪ್ಪು ಯಾವುದೆಂದು ಬಾಯಿಬಿಟ್ಟು ಹೇಳಿದನೇ? ನೋವುಂಡವಳಿಗೇ ಹೇಳಿದನೇ? ಆಮೇಲೆ ನಡತೆ ಬದಲಾಯಿತೇ?

ಈ ಪ್ರಶ್ನೆಗಳನ್ನು ನ್ಯಾಯಾಧೀಶರಿಗೂ ಕೇಳಬೇಕು.

2024ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಒಬ್ಬ ವಕೀಲೆಗೆ ಆಡಿದ ಅಗೌರವದ ಮಾತು, ಬೆಂಗಳೂರಿನ ಒಂದು ಬಡಾವಣೆಯನ್ನು ಪಾಕಿಸ್ತಾನ ಎಂದದ್ದು, ಎರಡೂ ನೇರಪ್ರಸಾರದ ದೃಶ್ಯಗಳಿಂದ ನಾಡಿಗೆಲ್ಲ ತಿಳಿದವು. ಸುಪ್ರೀಂ ಕೋರ್ಟು ತಾನಾಗಿಯೇ ವಿಚಾರಣೆಗೆ ತೆಗೆದುಕೊಂಡಿತು. ಮರುದಿನ ಅವರು ತೆರೆದ ನ್ಯಾಯಾಲಯದಲ್ಲೇ ವಿಷಾದ ಸೂಚಿಸಿದರು. ಸೆಪ್ಟೆಂಬರ್ 25ರಂದು ಸುಪ್ರೀಂ ಕೋರ್ಟು ಅದನ್ನು ಒಪ್ಪಿ ಪ್ರಕರಣ ಮುಗಿಸಿತು. ನಾಲ್ಕು ಜನರೆದುರು ಹೇಳಿದರೆಂಬುದು ದೊಡ್ಡ ಮಾತೇ. ಆದರೆ ಅವರು ಹೇಳಿದ್ದು, ಯಾರಿಗಾದರೂ ನೋವಾಗಿದ್ದರೆ ವಿಷಾದ ಎಂದು. ಆ 'ರೆ' ಎಂಬ ಒಂದಕ್ಷರವನ್ನು ಗಮನಿಸಿ. ನೋವಾದದ್ದೇ ಅಲ್ಲಿ ಅನುಮಾನವಾಯಿತು.

ಇನ್ನೊಂದು ನೋಡಿ. 2020ರ ಜೂನ್‌ನಲ್ಲಿ ಅದೇ ಹೈಕೋರ್ಟಿನ ಜಾಮೀನು ಆದೇಶವೊಂದರಲ್ಲಿ, ಅತ್ಯಾಚಾರದ ನಂತರ ನಿದ್ದೆ ಹೋಗುವುದು ಭಾರತೀಯ ನಾರಿಗೆ ತಕ್ಕುದಲ್ಲ ಎಂಬ ಮಾತಿತ್ತು. ಹೆಂಗಸರು ಸುಮ್ಮನಿರಲಿಲ್ಲ. ಜುಲೈನಲ್ಲಿ ಆ ಮಾತನ್ನು ಆದೇಶದಿಂದಲೇ ತೆಗೆದುಹಾಕಲಾಯಿತು. ಬಾಯಿಮಾತಿನ ವಿಷಾದಕ್ಕಿಂತ ತಿದ್ದಿದ ಕಾಗದಕ್ಕೆ ತೂಕ ಹೆಚ್ಚು.

ಹೈಕೋರ್ಟಿನ ನ್ಯಾಯಮೂರ್ತಿಯನ್ನು ತೆಗೆಯುವುದು ಸುಲಭವಲ್ಲ. ಪ್ರಸ್ತಾವಕ್ಕೇ ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರ ಸಹಿ ಬೇಕು. ನ್ಯಾಯಾಧೀಶರು ಹೆದರದೆ ತೀರ್ಪು ಕೊಡಲಿ ಎಂದೇ ಈ ರಕ್ಷಣೆ. ಹೆಣ್ಣನ್ನು ಹೀನಾಯವಾಗಿ ನಡೆಸಿಕೊಳ್ಳಲಿ ಎಂದಲ್ಲ.

ನಮ್ಮ ತಾಲ್ಲೂಕು ಕೋರ್ಟಿನಲ್ಲಿ "ಹೊಂದಿಕೊಂಡು ಹೋಗಮ್ಮ" ಎಂದು ಗದರಿಸಿದರೆ ಏನು ಮಾಡುವುದು? ಅಲ್ಲೇ ಜಗಳ ಬೇಡ. ತಾರೀಖು, ಆಡಿದ ಮಾತು, ಕೇಳಿದವರು ಯಾರು ಎಲ್ಲವನ್ನೂ ಅಂದೇ ಬರೆದಿಡಿ. ಆದೇಶ ತಪ್ಪೆನಿಸಿದರೆ, 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಂತೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹೋಗಬಹುದು. ನಡತೆ ತಪ್ಪಾಗಿದ್ದರೆ ಪ್ರಮಾಣಪತ್ರದೊಂದಿಗೆ ಹೈಕೋರ್ಟಿಗೆ ದೂರು ಕೊಡಬಹುದು. ಕೆಳಗಿನ ನ್ಯಾಯಾಲಯಗಳು ಅದರ ಹತೋಟಿಯಲ್ಲಿವೆ. ಇವೆರಡನ್ನೂ ಬೆರೆಸಬೇಡಿ.

ಅಂದು ನೇರಪ್ರಸಾರವಿತ್ತು, ಲೋಕ ಕಂಡಿತು. ಅದಿಲ್ಲದ ಕಡೆ ಜೊತೆಗೆ ಹೋದ ಸಂಘದ ಹೆಂಗಸರೇ ಸಾಕ್ಷಿ. ಮುಂದಿನ ವಾಯಿದೆಗೆ ಯಾರನ್ನೂ ಒಂಟಿಯಾಗಿ ಕಳಿಸಬೇಡಿ.