ಹೊರೆ ಹೊತ್ತವರ ಹಾದಿಯಲ್ಲಿ ಓಟಗಾರರು



'ಪೋರ್ಟ್ ವೈನ್' ಎಂಬ ಹೆಸರನ್ನು ಕೇಳದವರು ಕಡಿಮೆ. ಆದರೆ ಆ ಹೆಸರಿನ ಮೂಲ ಯಾವ ನೆಲದಲ್ಲಿದೆ ಎಂದು ಕೇಳಿದರೆ ಉತ್ತರ ಹೇಳುವವರು ಕೆಲವರೇ. ಪೋರ್ಚುಗಲ್ಲಿನ ಉತ್ತರ ಭಾಗದಲ್ಲಿ ಬೆಟ್ಟಗಳ ನಡುವೆ ಹರಿಯುವ ಡೌರೊ ನದಿಯ ಕಣಿವೆ ಅದು. ದ್ರಾಕ್ಷಿ ಬೆಳೆಯುವುದು ಕಣಿವೆಯ ಒಳನಾಡಿನಲ್ಲಿ. ಪೀಪಾಯಿಗಳು ಹಡಗು ಹತ್ತುತ್ತಿದ್ದುದು ನದಿ ಸಮುದ್ರ ಸೇರುವ ಪೋರ್ಟೊ ನಗರದ ಬಳಿ. ಹೆಸರು ಸಿಕ್ಕಿದ್ದು ಬಂದರಿಗೆ, ಬೆವರು ಸುರಿದದ್ದು ಬೆಟ್ಟದಲ್ಲಿ.

ಇಂದಿನ ಮಾತು ಆ ಪಾನೀಯದ ಕುರಿತಲ್ಲ, ಆ ಬೆಟ್ಟದ ಕಾಲುದಾರಿಗಳ ಕುರಿತು. ಈಗ ಅಲ್ಲಿ ಓಡಲೆಂದೇ ದೇಶವಿದೇಶಗಳಿಂದ ಜನ ಬರುತ್ತಾರೆ. ಆದರೆ ಆ ದಾರಿಗಳನ್ನು ಯಾರೂ ಓಡಲೆಂದು ಮಾಡಿರಲಿಲ್ಲ. ಹಾಗಾದರೆ ಮಾಡಿದವರು ಯಾರು, ಏತಕ್ಕಾಗಿ ಮಾಡಿದರು? ಅವುಗಳಲ್ಲಿ ಎಷ್ಟೋ ದಾರಿಗಳು ಅಳಿದುಹೋದದ್ದು ಹೇಗೆ? ಉಳಿದವನ್ನು ಓಟಗಾರರ ಕಾಲುಗಳು ಉಳಿಸಬಲ್ಲವೆ? ಈ ಮೂರು ಪ್ರಶ್ನೆಗಳನ್ನು ಒಂದೊಂದಾಗಿ ನೋಡಬಹುದು.

ಡೌರೊ ಹುಟ್ಟುವುದು ಸ್ಪೇನಿನಲ್ಲಿ. ಸುಮಾರು 900 ಕಿಲೋಮೀಟರ್ ಉದ್ದದ ಈ ನದಿ ನೂರು ಕಿಲೋಮೀಟರಿಗೂ ಹೆಚ್ಚು ದೂರ ಎರಡು ದೇಶಗಳ ಗಡಿಯಾಗಿ ಹರಿದು, ಬಳಿಕ ಪೋರ್ಚುಗಲ್ ಹೊಕ್ಕು ಅಟ್ಲಾಂಟಿಕ್ ಸಾಗರ ಸೇರುತ್ತದೆ. ಸಾಗರದಿಂದ ಬರುವ ತೇವದ ಗಾಳಿಯನ್ನು 1,400 ಮೀಟರಿಗೂ ಎತ್ತರದ ಮರಾವ್ ಬೆಟ್ಟ ತಡೆದು ನಿಲ್ಲಿಸುತ್ತದೆ. ಬೆಟ್ಟದ ಪೂರ್ವಕ್ಕೆ ಸಾಗಿದಂತೆಲ್ಲ ಮಳೆ ಕಡಿಮೆಯಾಗಿ ಬಿಸಿಲು ಏರುತ್ತದೆ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವುದುಂಟು. 'ಒಂಬತ್ತು ತಿಂಗಳು ಚಳಿ, ಮೂರು ತಿಂಗಳು ನರಕ' ಎಂಬುದು ಅಲ್ಲಿನವರ ಗಾದೆ. ಪೋರ್ಚುಗೀಸ್ ಭಾಷೆಯಲ್ಲಿ ಚಳಿಗಾಲಕ್ಕೂ ನರಕಕ್ಕೂ ಒಂದಕ್ಷರವಷ್ಟೇ ವ್ಯತ್ಯಾಸ. ಗಾದೆಯ ಸೊಗಸು ಅದರಲ್ಲಿದೆ.

ಇಲ್ಲಿನ ನೆಲ ಶಿಸ್ಟ್ ಎಂಬ ಪದರುಪದರಾದ ಕಲ್ಲು. ಬಳ್ಳಿಯ ಬೇರು ಆ ಪದರಗಳ ಸಂದಿನಲ್ಲಿ ನೀರು ಹುಡುಕುತ್ತ ಆಳಕ್ಕಿಳಿಯುತ್ತದೆ. ಆದರೆ ಬಳ್ಳಿ ನೆಡುವಷ್ಟು ಮಣ್ಣು ಇಳಿಜಾರಿನಲ್ಲಿ ತಾನಾಗಿ ನಿಲ್ಲುವುದಿಲ್ಲ. ಅದಕ್ಕಾಗಿ ಜನ ಹಾರೆ, ಸುತ್ತಿಗೆಗಳಿಂದ ಬಂಡೆಯನ್ನು ಒಡೆದು ಪುಡಿ ಮಾಡಿ ಮಣ್ಣಾಗಿಸಿದರು. ಒಡೆದಾಗ ಸಿಕ್ಕ ದೊಡ್ಡ ಕಲ್ಲುಗಳಿಂದ ಗೋಡೆ ಕಟ್ಟಿ ಆ ಮಣ್ಣನ್ನು ತಡೆದರು. ಈ ಗೋಡೆಗಳಿಗೆ ಗಾರೆಯಿಲ್ಲ. ಕಲ್ಲಿನ ಮೇಲೆ ಕಲ್ಲು ಕೂರಿಸಿದ ಜಾಣ್ಮೆಯೊಂದೇ ಅವುಗಳ ಬಲ. ಗಾರೆ ಹಾಕದಿರುವುದಕ್ಕೆ ಕಾರಣವೂ ಇದೆ. ಮಳೆನೀರು ಕಲ್ಲಿನ ಸಂದುಗಳಿಂದ ಹೊರಗೆ ಹರಿಯಬೇಕು. ಇಲ್ಲವಾದರೆ ನೀರು ಹೀರಿದ ಮಣ್ಣಿನ ಭಾರಕ್ಕೆ ಗೋಡೆ ಹೊರಗೆ ಉಬ್ಬಿ ಕುಸಿಯುತ್ತದೆ. ಹೀಗೆ ನದಿಯಿಂದ ನೆತ್ತಿಯವರೆಗೆ ಬೆಟ್ಟಗಳೇ ಮೆಟ್ಟಿಲಾದವು.

1756ರಲ್ಲಿ ಪೋರ್ಚುಗಲ್ಲಿನ ಪ್ರಬಲ ಮಂತ್ರಿಯಾಗಿದ್ದವನು, ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎಂದು ಹೆಸರಾದವನು, ಈ ವ್ಯಾಪಾರಕ್ಕೊಂದು ಕಂಪನಿ ಸ್ಥಾಪಿಸಿದ. ಒಳ್ಳೆಯ ದ್ರಾಕ್ಷಿ ಬೆಳೆಯುವ ಪ್ರದೇಶದ ಎಲ್ಲೆಯನ್ನು ಗೊತ್ತುಮಾಡಿಸಿದ. ಎಲ್ಲೆ ಗುರುತಿಸಲು 1761ರ ವೇಳೆಗೆ ನೆಟ್ಟ ಗ್ರಾನೈಟ್ ಕಂಬಗಳ ಸಂಖ್ಯೆ 335. ಸರ್ಕಾರವೇ ಎಲ್ಲೆ ಹಾಕಿ ನಿಯಮ ರೂಪಿಸಿದ ಜಗತ್ತಿನ ಮೊದಲ ದ್ರಾಕ್ಷಿ ಸೀಮೆಗಳಲ್ಲಿ ಇದೂ ಒಂದು. ಆ ಕಂಬಗಳಲ್ಲಿ ಹಲವು ಇಂದಿಗೂ ತೋಟದ ಅಂಚಿನಲ್ಲಿ, ಹಳ್ಳಿಯ ತಿರುವಿನಲ್ಲಿ ನಿಂತಿವೆ.

ಇನ್ನು ಕಾಲುದಾರಿಗಳು. ಗೋಡೆ ಕಟ್ಟಲು ಸ್ಪೇನಿನ ಗಲೀಸಿಯ ಪ್ರಾಂತದಿಂದ ಕೂಲಿಗಳು ಬರುತ್ತಿದ್ದರು. ದ್ರಾಕ್ಷಿ ಕೊಯ್ಲಿಗೆ ಮೇಲಿನ ಬೆಟ್ಟದೂರುಗಳಿಂದ ಗಂಡಸರು ಹೆಂಗಸರು ತಂಡ ಕಟ್ಟಿಕೊಂಡು ನಡೆದೇ ಇಳಿಯುತ್ತಿದ್ದರು. ಇಂಥ ತಂಡಕ್ಕೆ 'ರೋಗ' ಎಂದು ಹೆಸರು. ಕನ್ನಡದ ರೋಗಕ್ಕೂ ಅದಕ್ಕೂ ಸಂಬಂಧವಿಲ್ಲ. ಹೆಂಗಸರು ಗೊಂಚಲು ಕೊಯ್ಯುತ್ತಿದ್ದರು. ಗಂಡಸರು ಐವತ್ತು ಕಿಲೋ ಮೀರಿದ ಬುಟ್ಟಿಗಳನ್ನು ಬೆನ್ನ ಮೇಲೆ ಹೊತ್ತು ಸಾಲಾಗಿ ಇಳಿಯುತ್ತಿದ್ದರು. ಒಂದು ಹಂತದಿಂದ ಇನ್ನೊಂದಕ್ಕೆ ಇಳಿಯಲು ಗೋಡೆಯಿಂದ ಹೊರಚಾಚಿದ ಕಲ್ಲುಗಳೇ ಮೆಟ್ಟಿಲು. ಜಾಗ ಉಳಿಸಲೆಂದು ಮಾಡಿದ ಉಪಾಯ ಅದು, ಏಕೆಂದರೆ ಒಂದು ಬಳ್ಳಿಯ ಜಾಗವೂ ಅಲ್ಲಿ ದುಬಾರಿ. ನದಿಯ ಅಂಚಿನಲ್ಲಿಯೂ ದಾರಿಗಳಿದ್ದವು. ಪೀಪಾಯಿ ಸಾಗಿಸಿದ 'ರಬೆಲೊ' ದೋಣಿಗಳು ಮರಳಿ ಬರುವಾಗ ಪ್ರವಾಹಕ್ಕೆ ಎದುರಾಗಿ ಅವನ್ನು ಹಗ್ಗ ಕಟ್ಟಿ ಎಳೆಯಬೇಕಿತ್ತು. ಎಳೆಯುವ ಆಳುಗಳೂ ಎತ್ತುಗಳೂ ನಡೆದ ದಾರಿಗಳವು. ನದಿಯೇನೂ ಸಾಧುವಾಗಿರಲಿಲ್ಲ. ಡೌರೊ ನದಿಯ ಪ್ರಸಿದ್ಧ ನಕ್ಷೆ ಬರೆದ ಬ್ರಿಟಿಷ್ ವರ್ತಕ ಜೋಸೆಫ್ ಜೇಮ್ಸ್ ಫಾರೆಸ್ಟರ್ 1861ರಲ್ಲಿ ವಲೈರ ಎಂಬಲ್ಲಿನ ಕಡಿದಾದ ಕೊರಕಲಿನಲ್ಲಿ ದೋಣಿ ಮಗುಚಿ ತೀರಿಕೊಂಡ. ಅಂದರೆ ನದಿಯನ್ನು ಚೆನ್ನಾಗಿ ಬಲ್ಲವನನ್ನೇ ನದಿ ಬಿಡಲಿಲ್ಲ.

ಅದೇ 1860ರ ದಶಕದಲ್ಲಿ ಕಣಿವೆಗೆ ಇನ್ನೊಂದು ಆಪತ್ತು ಬಂತು. ಬಳ್ಳಿಯ ಬೇರಿನ ರಸ ಹೀರುವ ಫಿಲಾಕ್ಸೆರ ಎಂಬ ಸಣ್ಣ ಕೀಟ ಅಮೆರಿಕದಿಂದ ಯೂರೋಪಿಗೆ ಬಂದು, ತೋಟದ ಮೇಲೆ ತೋಟವನ್ನು ಒಣಗಿಸಿತು. ಆ ಕೀಟವನ್ನು ತಾಳಿಕೊಳ್ಳುವ ಅಮೆರಿಕದ ಬೇರಿಗೆ ಯೂರೋಪಿನ ಬಳ್ಳಿಯನ್ನು ಕಸಿ ಕಟ್ಟುವುದೇ ಕೊನೆಗೆ ದೊರೆತ ಪರಿಹಾರ. ಆದರೆ ಎಲ್ಲರಿಗೂ ಮತ್ತೆ ನೆಡುವ ಶಕ್ತಿ ಇರಲಿಲ್ಲ. ಕೈಬಿಟ್ಟ ಮೆಟ್ಟಿಲುಗಳಲ್ಲಿ ಆಲಿವ್ ಮರಗಳೂ ಕುರುಚಲೂ ಬೆಳೆದವು. ಅಂಥ ತೋಟಗಳನ್ನು ಅಲ್ಲಿನವರು 'ಮೊರ್ತೋರಿಯು' ಎನ್ನುತ್ತಾರೆ. ಸಾವಿನ ನೆನಪು ಆ ಪದದಲ್ಲಿಯೇ ಇದೆ.

ಇದನ್ನು ತಿಳಿದ ಓಟಗಾರನಿಗೆ ಬೆಟ್ಟವೇ ಓದುವ ಪುಸ್ತಕವಾಗುತ್ತದೆ. ಒಂದೆರಡು ಸಾಲು ಬಳ್ಳಿಗಷ್ಟೇ ಜಾಗವಿರುವ ಕಿರಿದಾದ ಮೆಟ್ಟಿಲು ಕಂಡರೆ ಅದು ಕೀಟದ ಹಾವಳಿಗೆ ಮುಂಚಿನದು. ಗೋಡೆ ಉದ್ದ, ಮೆಟ್ಟಿಲು ಅಗಲ, ಸಾಲು ಹಲವು ಎಂದಾದರೆ ಅದು ನಂತರದ್ದು. ಗೋಡೆಯೇ ಇಲ್ಲದೆ ಬರೀ ಮಣ್ಣಿನ ದಿಬ್ಬವಿದ್ದು, ಟ್ರಾಕ್ಟರ್ ಹೋಗುವ ದಾರಿ ಸುತ್ತಿ ಬಂದಿದ್ದರೆ ಅದು 1970ರ ದಶಕದಿಂದೀಚೆಗೆ ಯಂತ್ರ ಕಡಿದದ್ದು. ಮೊದಲೆರಡು ಬಗೆಯ ತೋಟಗಳಲ್ಲಿ ಮನುಷ್ಯನ ಹೆಜ್ಜೆಗೆ ಜಾಗವಿದೆ. ಮೂರನೆಯದರಲ್ಲಿ ಗಾಲಿಗೆ ಜಾಗವಿದೆ, ಮೆಟ್ಟಿಲಿಗಿಲ್ಲ.

ದಾರಿ ಅಳಿಸಿದ್ದು ಯಂತ್ರವೊಂದೇ ಅಲ್ಲ. ಪೋರ್ಟೊದಿಂದ ಹೊರಟ ರೈಲು 1879ರಲ್ಲಿ ರೇಗ್ವ ಪಟ್ಟಣಕ್ಕೆ, 1887ರಲ್ಲಿ ಸ್ಪೇನಿನ ಗಡಿಗೆ ತಲುಪಿತು. ದೋಣಿಗಳ ಕೆಲಸ ಕುಗ್ಗಿತು. ಇಪ್ಪತ್ತನೆಯ ಶತಮಾನದಲ್ಲಿ ಕಟ್ಟಿದ ಅಣೆಕಟ್ಟುಗಳು ನದಿಯನ್ನು ಸರೋವರಗಳ ಸರಣಿಯಾಗಿಸಿದವು. ಹಗ್ಗ ಎಳೆಯುತ್ತಿದ್ದ ದಾರಿಗಳು ನೀರಿನಡಿ ಹೋದವು. 1990ರಿಂದ ಸಮುದ್ರದಿಂದ ಗಡಿಯವರೆಗೆ ಸುಮಾರು 210 ಕಿಲೋಮೀಟರ್ ದೂರ ಹಡಗು ಸಂಚರಿಸಬಹುದಾಗಿದೆ. ಇತ್ತ ರೈಲು ಕೂಡ ಪೂರ್ತಿ ಉಳಿಯಲಿಲ್ಲ. ಪೊಸಿನ್ಯು ನಿಲ್ದಾಣದಿಂದ ಗಡಿಯವರೆಗಿನ ಭಾಗ 1988ರಲ್ಲಿ ಮುಚ್ಚಿತು. ಉಪನದಿಗಳ ಕಣಿವೆಗಳ ಕಿರಿದಾದ ಹಳಿಗಳೂ ಒಂದೊಂದಾಗಿ ನಿಂತವು. ಅವುಗಳಲ್ಲಿ ಕೆಲವೆಡೆ ಹಳಿ ಕಿತ್ತು ನಡೆಯುವವರಿಗೂ ಸೈಕಲ್ ಸವಾರರಿಗೂ ದಾರಿ ಮಾಡಿದ್ದಾರೆ.

2001ರಲ್ಲಿ ಯುನೆಸ್ಕೊ ಈ ಕಣಿವೆಯ ಸುಮಾರು 24,600 ಹೆಕ್ಟೇರ್ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅರಮನೆಯನ್ನಲ್ಲ, ದೇವಾಲಯವನ್ನಲ್ಲ, ದುಡಿದು ಬದಲಿಸಿದ ಬೆಟ್ಟವನ್ನು ಪರಂಪರೆ ಎಂದು ಒಪ್ಪಿದ್ದು ಇಲ್ಲಿನ ವಿಶೇಷ. ಪ್ರವಾಸಿಗಳು ಹೆಚ್ಚಿದರು, ಅವರ ಜೊತೆ ಓಟಗಾರರೂ ಬಂದರು. ಬಗಾಉಸ್ತಿ ಅಣೆಕಟ್ಟಿನಿಂದ ರೇಗ್ವದತ್ತ ನದಿಯ ಅಂಚಿನ ರಸ್ತೆಯಲ್ಲಿ ನಡೆಯುವ ಅರ್ಧ ಮ್ಯಾರಥಾನ್ ಹೆಸರುವಾಸಿ. ಅದು ಸಮತಟ್ಟಾದ ಓಟ. ನಿಜವಾದ ಪರೀಕ್ಷೆ ಇರುವುದು ಮೇಲಕ್ಕೆ. ನದಿದಡದ ಪಿನ್ಯಾವ್ ಊರಿನಿಂದ ಕಜಾಲ್ ದ ಲೊಯ್ವುಸ್ ಹಳ್ಳಿಗೋ ಪ್ರೊವೆಸೆಂಡಿಗೋ ಹತ್ತುವವರಿಗೆ ಕೆಲವೇ ಕಿಲೋಮೀಟರಿನಲ್ಲಿ ಮುನ್ನೂರು ಮೀಟರಿಗೂ ಹೆಚ್ಚು ಏರು. ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ತೊಡೆ ನಡುಗುತ್ತದೆ. ಶಿಸ್ಟ್ ಚಕ್ಕೆಗಳು ಕಾಲಡಿ ಜಾರುತ್ತವೆ. ಗುರುತು ಹಾಕಿದ ಕಾಲುದಾರಿಗಳಲ್ಲಿ ಹಳದಿ-ಕೆಂಪು ಪಟ್ಟಿ ಕಂಡರೆ ಅದು ಸಣ್ಣ ದಾರಿ, ಬಿಳಿ-ಕೆಂಪು ಕಂಡರೆ ದೂರದ ದಾರಿ, ಪಟ್ಟಿಗಳು ಅಡ್ಡಡ್ಡ ಕತ್ತರಿಸಿದ್ದರೆ ಹೋಗಬಾರದ ದಾರಿ. ಓಟಕ್ಕೆ ವಸಂತವೂ ಶರತ್ತಿನ ಕೊನೆಯೂ ಹಿತ. ಕಡುಬೇಸಿಗೆಯಲ್ಲಿ ಬಿಸಿಲಿನ ಜೊತೆ ಕಾಳ್ಗಿಚ್ಚಿನ ಭಯವಿದೆ. ಸೆಪ್ಟೆಂಬರ್ ಕೊಯ್ಲಿನ ಕಾಲ. ಆಗ ದಾರಿ ಮೊದಲು ಕೆಲಸದವರದು.

ಈಗ ಕೊನೆಯ ಪ್ರಶ್ನೆ. ಕಣಿವೆಯ ಹಳ್ಳಿಗಳಲ್ಲಿ ಜನ ಕಡಿಮೆಯಾಗುತ್ತಿದ್ದಾರೆ. ಹರೆಯದವರು ನಗರಕ್ಕೆ, ಹೊರದೇಶಕ್ಕೆ ಹೋಗುತ್ತಾರೆ. ಉಳಿದವರಿಗೆ ವಯಸ್ಸಾಗುತ್ತಿದೆ. ಕೊಯ್ಲಿಗೆ ಕೈ ಸಿಗುವುದು ಕಷ್ಟ, ಕಲ್ಲುಗೋಡೆ ಕಟ್ಟಬಲ್ಲವರು ಸಿಗುವುದು ಇನ್ನೂ ಕಷ್ಟ. ಒಂದು ಮಳೆಗಾಲದಲ್ಲಿ ಬಿದ್ದ ಗೋಡೆಯನ್ನು ಆ ವರ್ಷವೇ ಎತ್ತದಿದ್ದರೆ ಮುಂದಿನ ವರ್ಷ ಅದರ ಮೇಲಿನ ಮೆಟ್ಟಿಲೂ ಇಳಿಯುತ್ತದೆ. ಯಾರೂ ನಡೆಯದ ಕಾಲುದಾರಿಯನ್ನು ಮುಳ್ಳುಪೊದೆ ಕೆಲವೇ ವರ್ಷಗಳಲ್ಲಿ ನುಂಗುತ್ತದೆ.

ಓಟಗಾರರು ಬಂದರೆ ದಾರಿ ತೆರೆದಿರುತ್ತದೆ ಎಂಬ ವಾದದಲ್ಲಿ ಹುರುಳಿದೆ. ಓಟದ ಮುನ್ನ ಪೊದೆ ಕಡಿಯಬೇಕು, ಗುರುತು ಬರೆಯಬೇಕು. ಊರಿನ ಅಂಗಡಿಗೂ ಒಂದಿಷ್ಟು ವ್ಯಾಪಾರ. ಆದರೆ ಓಟಗಾರನ ಕಾಲು ಗೋಡೆ ಕಟ್ಟುವುದಿಲ್ಲ. ಸಡಿಲ ಕಲ್ಲಿನ ಮೇಲೆ ನೂರಾರು ಜನ ಒಂದೇ ದಿನ ಇಳಿದರೆ ಗೋಡೆಯ ತಲೆಗಲ್ಲು ಉರುಳಲೂಬಹುದು. ಆದ್ದರಿಂದ ಓಟದಿಂದ ಬರುವ ಹಣದಲ್ಲಿ ಒಂದು ಪಾಲು ಗೋಡೆಗೆ ಹೋಗುತ್ತದೆಯೆ, ಗೋಡೆ ಕಟ್ಟುವ ವಿದ್ಯೆ ಕಲಿತ ಹುಡುಗನಿಗೆ ಊರಿನಲ್ಲೇ ಬದುಕುವಷ್ಟು ಕೂಲಿ ಸಿಗುತ್ತದೆಯೆ ಎಂಬುದೇ ಮುಖ್ಯ. ಇದಕ್ಕೆ ಹೌದು ಎನ್ನುವಂತಾದರೆ ದಾರಿ ಉಳಿಯುತ್ತದೆ. ಇಲ್ಲವಾದರೆ ಉಳಿಯುವುದು ಗುರುತಿನ ಪಟ್ಟಿ ಮಾತ್ರ.

ಐವತ್ತು ಕಿಲೋ ಹೊತ್ತವನು ಆ ಮೆಟ್ಟಿಲಿನಲ್ಲಿ ಕಲ್ಲು ನೋಡಿ ಕಾಲಿಡುತ್ತಿದ್ದ. ಬರಿಗೈಯಲ್ಲಿ ಇಳಿಯುವವರೂ ಅಷ್ಟು ನೋಡಿ ಕಾಲಿಟ್ಟರೆ ಆ ಹಾದಿಗೆ ಸಲ್ಲಬೇಕಾದ ಮರ್ಯಾದೆ ಸಂದಂತೆ.